ಎಚ್.ಪಿ. ಕೊಳ್ಳುವ ಮೊದಲು ಅಡಿ-ಪೌಂಡಿನ ಲೆಕ್ಕ

ನಮ್ಮದು ಶಿಗ್ಗಾಂವ ತಾಲೂಕಿನ ಒಣ ಬೇಸಾಯ. ಗೋವಿನಜೋಳ, ಹತ್ತಿ, ಒಂದಿಷ್ಟು ಶೇಂಗಾ. ಎರಡು ಎಕರೆ ಮೆಣಸಿನಗಿಡಕ್ಕೆ ಮಾತ್ರ ಬೋರಿನ ನೀರು. ಬೋರು ಕೊರೆದವರು 'ತಾಸಿಗೆ 1,200 ಗ್ಯಾಲನ್ ನೀರು' ಎಂದು ಹೇಳಿ ಹೋದರು. ಮೋಟಾರು ತರಲು ಹೋದಾಗ ಅಂಗಡಿಯವರು, "ನಿಮ್ಮ ಬಾಜೂದವರು ಏಳೂವರೆ ಎಚ್.ಪಿ. ಹಾಕ್ಯಾರ, ನೀವೂ ಅದನ್ನ ಒಯ್ರಿ, ನೀರು ಜೋರ್ ಬರತೈತಿ" ಎಂದರು. ಸಾಲ ಮಾಡಿ ತಂದೆ.

ಮೊದಲ ಒಂದು ತಾಸು ನೀರು ಜೋರಾಗಿಯೇ ಬಂತು. ಆಮೇಲೆ ಬುಸ್ ಬುಸ್ ಎಂದು ಬರೇ ಗಾಳಿ. ಒಂದೇ ಬೇಸಿಗೆಯಲ್ಲಿ ಎರಡು ಸಲ ಕಾಯಿಲ್ ಸುಟ್ಟಿತು. ಮೋಟಾರು ಎತ್ತಿಸುವ ಕೂಲಿ, ರಿವೈಂಡಿಂಗ್ ಖರ್ಚು ಎಂದು ಹತ್ತಿ ಮಾರಿದ ದುಡ್ಡೆಲ್ಲ ಹೋಯಿತು. ಮೆಣಸಿನಗಿಡ ನಿಂತಲ್ಲೇ ಒಣಗಿದವು.

ಆಗ ಕಾಲೇಜಿಗೆ ಹೋಗುವ ಮಗಳು ಕೇಳಿದಳು: "ಯಪ್ಪಾ, ಎಷ್ಟ ನೀರು, ಎಷ್ಟ ಆಳದಿಂದ ಎತ್ತಬೇಕು ಅಂತ ಲೆಕ್ಕಾ ಹಾಕಿದ್ಯೇನು?" ನಾನು ಕಲಿತದ್ದು ಏಳನೇ ಇಯತ್ತೆ. ಆದರೂ ಅವಳು ತೋರಿಸಿದ ಲೆಕ್ಕ ಒಂದೇ ಸಂಜೆಯಲ್ಲಿ ತಿಳಿಯಿತು. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಅಡಿ-ಪೌಂಡು ಎಂದರೇನು?

ಒಂದು ಪೌಂಡು ಭಾರವನ್ನು ಒಂದು ಅಡಿ ಮೇಲೆತ್ತುವ ಕೆಲಸವೇ ಒಂದು ಅಡಿ-ಪೌಂಡು. ಪೌಂಡಿಗೆ ನಮ್ಮ ಹಿರಿಯರು ರತ್ತಲು ಎನ್ನುತ್ತಿದ್ದರು. ಒಂದು ಕಿಲೋ ಎಂದರೆ 2.2 ಪೌಂಡು. ಒಂದು ಗ್ಯಾಲನ್ (ಸುಮಾರು ನಾಲ್ಕೂವರೆ ಲೀಟರ್) ನೀರಿನ ತೂಕ ಸರಿಯಾಗಿ 10 ಪೌಂಡು. ನೀರಿನ ಲೆಕ್ಕಕ್ಕೆ ಈ ಹಳೆಯ ಅಳತೆ ಸಲೀಸಾಗುವುದು ಇದಕ್ಕೇ.

1780ರ ದಶಕದಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರವನ್ನು ಕುದುರೆಯ ದುಡಿತಕ್ಕೆ ಹೋಲಿಸಿ ತೋರಿಸಬೇಕಿತ್ತು. ಒಂದು ಕುದುರೆ ನಿಮಿಷಕ್ಕೆ 33,000 ಅಡಿ-ಪೌಂಡು ಕೆಲಸ ಮಾಡುತ್ತದೆ ಎಂದು ಗೊತ್ತುಮಾಡಿದ. ಇದೇ ನಮ್ಮ 1 ಎಚ್.ಪಿ. ಈಗಿನ ಅಳತೆಯಲ್ಲಿ 746 ವ್ಯಾಟ್. ಆ ವ್ಯಾಟ್ ಎಂಬ ಹೆಸರೂ ಅವನದೇ.

ಹಾಗಾದರೆ ನಮ್ಮ ಎತ್ತು? ನಾನು ಸಣ್ಣವನಿದ್ದಾಗ ಅಪ್ಪ ಕಪಿಲೆ ಹೊಡೆಯುತ್ತಿದ್ದ. 30 ಅಡಿ ಆಳದ ನೀರು, ಚೀಲಕ್ಕೆ ಸುಮಾರು 150 ಲೀಟರ್, ಅಂದರೆ 330 ಪೌಂಡು. ಒಂದು ಚೀಲಕ್ಕೆ 330 × 30 = 9,900 ಅಡಿ-ಪೌಂಡು. ಎತ್ತು ಇಳಿದು ಹಿಂದೆ ಸರಿಯುವುದೂ ಸೇರಿ ನಿಮಿಷಕ್ಕೊಂದು ಚೀಲ ಎಂದು ಹಿಡಿದರೆ, ಮೇಲೆ ಬಂದ ನೀರಿನ ಲೆಕ್ಕದಲ್ಲಿ ಅದು 1 ಎಚ್.ಪಿ.ಯ ಮೂರನೇ ಒಂದು ಪಾಲಿಗೂ ಸ್ವಲ್ಪ ಕಡಿಮೆ.

ನನ್ನ ಬೋರಿನ ಲೆಕ್ಕ

ತಾಸಿಗೆ 1,200 ಗ್ಯಾಲನ್ ಎಂದರೆ ನಿಮಿಷಕ್ಕೆ 20 ಗ್ಯಾಲನ್, ಅಂದರೆ 200 ಪೌಂಡು. ಪಂಪು ಓಡುವಾಗ ನೀರಿನ ಮಟ್ಟದಿಂದ ಮೇಲಿನ ಪೈಪಿನ ಬಾಯಿವರೆಗೆ, ಪೈಪಿನ ತಿಕ್ಕಾಟಕ್ಕೆಂದು ಸ್ವಲ್ಪ ಸೇರಿಸಿ, 330 ಅಡಿ.

200 × 330 = 66,000 ಅಡಿ-ಪೌಂಡು. ಇದನ್ನು 33,000ದಿಂದ ಭಾಗಿಸಿದರೆ ಬರೇ 2 ಎಚ್.ಪಿ.!

ಆದರೆ ಮೋಟಾರು, ಪಂಪು ಎರಡೂ ತಮ್ಮ ಪಾಲು ತಿನ್ನುತ್ತವೆ. ನೂರು ಪಾಲಿನಲ್ಲಿ ನೀರಿಗೆ ಸಿಗುವುದು 40 ಎಂದು ಹಿಡಿಯಿರಿ. ಅಂದರೆ ಬಂದ ಉತ್ತರವನ್ನು ಎರಡೂವರೆಯಿಂದ ಗುಣಿಸಬೇಕು. 2 × 2.5 = 5 ಎಚ್.ಪಿ. ನನ್ನ ಏಳೂವರೆ ಎಚ್.ಪಿ. ತಾಸಿಗೆ 1,800 ಗ್ಯಾಲನ್ ಎಳೆಯುತ್ತಿತ್ತು. ಬೋರು ಕೊಡುತ್ತಿದ್ದುದು 1,200. ಉಳಿದ 600 ಎಲ್ಲಿಂದ ಬರಬೇಕು? ನೀರು ತಳಕ್ಕಿಳಿದು, ಮೋಟಾರು ಒಣಗಿ ಓಡಿ ಸುಟ್ಟಿತು.

ಹಾಗಂತ ಬಾಜೂದವರದು ತಪ್ಪಲ್ಲ. ಅವರ ಬೋರಿನಲ್ಲೂ ಅಷ್ಟೇ ನೀರು, ಆದರೆ 500 ಅಡಿಯಿಂದ ಎತ್ತಬೇಕು. 200 × 500 = 1,00,000. ಅದು 3 ಎಚ್.ಪಿ., ಎರಡೂವರೆಯಿಂದ ಗುಣಿಸಿದರೆ ಏಳೂವರೆ. ಅವರ ಹೊಲಕ್ಕೆ ಸರಿಯಾದದ್ದು ನನ್ನ ಹೊಲಕ್ಕೆ ಮುಳುವಾಯಿತು.

ಎಚ್.ಪಿ. ಬೇರೆ, ಯೂನಿಟ್ ಬೇರೆ

ಇವೆರಡನ್ನು ಕಲಸುವವರು ಬಹಳ. ಕಳೆ ತೆಗೆಯುವ ಆಳು ತಾಸಿಗೆ ಎಷ್ಟು ಸಾಲು ಮುಗಿಸುತ್ತಾಳೆ ಎಂಬುದು ಎಚ್.ಪಿ. ಇದ್ದಂತೆ. ಸಂಜೆಗೆ ಒಟ್ಟು ಎಷ್ಟು ಸಾಲಾಯಿತು ಎಂಬುದು ಯೂನಿಟ್ ಇದ್ದಂತೆ. 1 ಎಚ್.ಪಿ. ಒಂದು ತಾಸು ದುಡಿದರೆ 33,000 × 60 = 19,80,000 ಅಡಿ-ಪೌಂಡು. ಅದು 0.746 ಯೂನಿಟ್. ಒಂದು ಪೂರ್ಣ ಯೂನಿಟ್ ಎಂದರೆ ಸುಮಾರು 26 ಲಕ್ಷ 55 ಸಾವಿರ ಅಡಿ-ಪೌಂಡು. ಪುಸ್ತಕದ ಜೂಲ್ ಬೇಕಿದ್ದರೆ, ಒಂದು ಅಡಿ-ಪೌಂಡಿಗೆ 1.356 ಜೂಲ್, ಒಂದು ಯೂನಿಟ್ಟಿಗೆ 36 ಲಕ್ಷ ಜೂಲ್.

ಮೋಟಾರಿನ ತಗಡಿನ ಮೇಲೆ 3.7/5 ಎಂದು ಬರೆದಿದ್ದರೆ ಗಾಬರಿ ಬೇಡ. 5 × 0.746 = 3.7 ಕಿಲೋವ್ಯಾಟ್, ಎರಡೂ ಒಂದೇ. ಮೋಟಾರು ಬಿಸಿಯಾಗಿ ಕಳೆಯುವುದೂ ಇರುವುದರಿಂದ ಮೀಟರು ತಾಸಿಗೆ 3.7ಕ್ಕಿಂತ ಹೆಚ್ಚೇ ಓಡುತ್ತದೆ. ಕೆಲವು ಎಂಜಿನ್, ಟ್ರ್ಯಾಕ್ಟರುಗಳ ಮೇಲೆ ಪಿ.ಎಸ್. ಎಂದಿರುತ್ತದೆ. ಅದು ಸೆಕೆಂಡಿಗೆ 75 ಕಿಲೋವನ್ನು ಒಂದು ಮೀಟರ್ ಎತ್ತುವ ಅಳತೆ, 735.5 ವ್ಯಾಟ್. ನಮ್ಮ ಎಚ್.ಪಿ.ಗಿಂತ ತುಸು ಕಡಿಮೆ.

ನೀವೂ ಹಾಕಿ ನೋಡಿ

ಹಾನಗಲ್ಲ, ಸವಣೂರ ಕಡೆ ವರದಾ ಹೊಳೆಯಿಂದ ನೀರೆತ್ತುವವರಿಗೆ ಒಂದು ಲೆಕ್ಕ. ತಾಸಿಗೆ 6,600 ಗ್ಯಾಲನ್ ಬೇಕು, ಎತ್ತರ 30 ಅಡಿ. ನಿಮಿಷಕ್ಕೆ 1,100 ಪೌಂಡು × 30 = 33,000, ಅಂದರೆ 1 ಎಚ್.ಪಿ. ಎರಡೂವರೆಯಿಂದ ಗುಣಿಸಿದರೆ 3 ಎಚ್.ಪಿ. ಮೋಟಾರು ಸಾಕು. ಹಿರೇಕೆರೂರ ಕಡೆಯ ಬೋರಿನವರು ತಮ್ಮ ಆಳ ಹಾಕಿ ನೋಡಬಹುದು.

ಅಂಗಡಿಗೆ ಹೋಗುವ ಮೊದಲು ಚೀಟಿಯಲ್ಲಿ ಎರಡು ಅಂಕಿ ಬರೆದುಕೊಳ್ಳಿ: ನಿಮಿಷಕ್ಕೆ ಎಷ್ಟು ನೀರು, ಎಷ್ಟು ಅಡಿ ಎತ್ತರ. ನೀರಿನ ಅಂಕಿಯನ್ನು ಬೇಸಿಗೆಯಲ್ಲೇ ಅಳೆಯಿರಿ, ಮಳೆಗಾಲದ ನೀರು ನಂಬಬೇಡಿ. ಅಂಗಡಿಯಲ್ಲಿ ಎಚ್.ಪಿ. ಒಂದನ್ನೇ ಕೇಳದೆ, 'ಇಷ್ಟು ಎತ್ತರಕ್ಕೆ ಈ ಪಂಪು ಎಷ್ಟು ನೀರು ಕೊಡುತ್ತದೆ?' ಎಂದು ಕಂಪನಿಯ ಪಟ್ಟಿ ತೆಗೆಸಿ ನೋಡಿ. 10 ಎಚ್.ಪಿ.ವರೆಗೆ ಕರೆಂಟು ಪುಕ್ಕಟೆ ಇರಬಹುದು. ಸುಟ್ಟ ಮೋಟಾರು ಪುಕ್ಕಟೆ ಅಲ್ಲ.

ಈಗ ನನ್ನ ಬೋರಿನಲ್ಲಿರುವುದು 5 ಎಚ್.ಪಿ. ನೀರಿನ ಧಾರೆ ಸಣ್ಣದು, ಆದರೆ ಕರೆಂಟು ಇರುವಷ್ಟು ಹೊತ್ತೂ ಬರುತ್ತದೆ. ಏಳೂವರೆಯ ಸಾಲದ ಕಂತು ಮಾತ್ರ ಇನ್ನೂ ಎರಡು ಬಾಕಿ ಇದೆ.