ಹುಣ್ಣಿಮೆ ನೋಡಿ ಹಾಕಬೇಕಾದ ಲೆಕ್ಕ

ನಿನ್ನ ಪಿಎಚ್.ಡಿ. ನೋಂದಣಿ ಆಯಿತೆಂದು ಕೇಳಿ ತುಂಬ ಖುಷಿಯಾಯಿತಮ್ಮ. ಮೈಲಾರಲಿಂಗನ ಪರಂಪರೆಯನ್ನೇ ವಿಷಯವಾಗಿ ಆರಿಸಿಕೊಂಡಿದ್ದಕ್ಕಂತೂ ಇನ್ನಷ್ಟು ಖುಷಿ. ಆದರೆ ‘6 ವರ್ಷ ಇದೆಯಲ್ಲ ಸರ್, ನಿಧಾನಕ್ಕೆ ಮಾಡ್ತೀನಿ’ ಅಂದೆಯಲ್ಲ, ಆ ಮಾತು ನನ್ನನ್ನು ಕೊರೆಯುತ್ತಿದೆ.

ಯುಜಿಸಿಯ 2022ರ ನಿಯಮದಂತೆ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು, ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆರಡು. ಆ ಹೆಚ್ಚಿನ ವರ್ಷಗಳನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಡ. ಬಾಣಂತನವೋ ಮನೆಯವರ ಕಾಯಿಲೆಯೋ ಬಂದಾಗ ಅವು ನಿನ್ನ ಕೈಯಲ್ಲಿ ಉಳಿದಿರಬೇಕು.

ನಿನ್ನ ವಿಷಯಕ್ಕೆ ವರ್ಷಗಳ ಲೆಕ್ಕವೇ ಸರಿಹೋಗದು, ಜಾತ್ರೆಗಳ ಲೆಕ್ಕ ಹಾಕಬೇಕು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭವಿಷ್ಯ ನುಡಿಯುವ ಕಾರಣಿಕ ಆಗುವುದು ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅನ್ನುತ್ತಾರೆ, ಲಕ್ಷಾಂತರ ಜನ ಉಸಿರು ಹಿಡಿದು ನಿಲ್ಲುತ್ತಾರೆ, ಒಂದೇ ಮಾತು, ಅಷ್ಟೇ. ಅವತ್ತು ಕಾಲೇಜಿನಲ್ಲಿ ಇಂಟರ್ನಲ್ಸ್ ಡ್ಯೂಟಿ ಬಿತ್ತು ಅಂತ ನೀನು ತಪ್ಪಿಸಿಕೊಂಡರೆ ಮುಂದಿನ ಮಾತಿಗೆ ಇಡೀ ವರ್ಷ ಕಾಯಬೇಕು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಕಾರಣಿಕವೂ ಅಷ್ಟೇ, ಅದು ನವರಾತ್ರಿಯಲ್ಲಿ. ಮೊದಲ ವರ್ಷ ಕೋರ್ಸ್‌ವರ್ಕ್‌ಗೆ ಹೋಗುತ್ತದೆ. ಕೊನೆಯ ವರ್ಷ ಪ್ರಬಂಧ ತಿದ್ದುವುದಕ್ಕೇ ಬೇಕು. ನಡುವೆ ನಿನಗೆ ನೆಮ್ಮದಿಯಾಗಿ ಸಿಗುವುದು ನಾಲ್ಕು ಭಾರತ ಹುಣ್ಣಿಮೆ ಮಾತ್ರ. ಹಾಗಾಗಿ ಹೊಸ ಪಂಚಾಂಗ ಕೈಗೆ ಬಂದ ದಿನವೇ ಈ ತಿಥಿಗಳನ್ನು ಗುರುತು ಹಾಕಿ, ನಿನ್ನ ಪ್ರಿನ್ಸಿಪಾಲರಿಗೆ ರಜೆ ಅರ್ಜಿ ಕೊಟ್ಟುಬಿಡು. ಅತಿಥಿ ಉಪನ್ಯಾಸಕಿಗೆ ರಜೆ ಕೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹಿಂದಿನ ದಿನ ಕೇಳಿದರೆ ಇನ್ನೂ ಕಷ್ಟ.

ಜಾತ್ರೆಯಿಂದ ಬಂದ ವಾರವೇ ಧ್ವನಿಮುದ್ರಣವನ್ನು ಬರಹಕ್ಕಿಳಿಸು. ಒಂದು ಗಂಟೆಯ ಮಾತಿಗೆ ಕನಿಷ್ಠ ನಾಲ್ಕು ಗಂಟೆ ಕೂರಬೇಕಾಗುತ್ತದೆ. ಹಿಂದೆ ಡಮರುಗದ ಸದ್ದು, ಆ ಕಡೆಯ ಆಡುಮಾತು ಎಲ್ಲ ಸೇರಿದರೆ ಇನ್ನೂ ಹೆಚ್ಚು. ಎಷ್ಟೋ ಸಂಶೋಧಕರು ಕ್ಷೇತ್ರಕಾರ್ಯವೆಲ್ಲ ಮುಗಿಯಲಿ, ಆಮೇಲೆ ಕೂರೋಣ ಅನ್ನುತ್ತಾರೆ. ಎರಡು ವರ್ಷ ಬಿಟ್ಟು ಕೇಳಿದರೆ ಯಾರು ಯಾವ ಊರಿನವರು, ಆ ನಗು ಯಾಕೆ ಬಂತು ಎನ್ನುವುದು ಮರೆತಿರುತ್ತದೆ. ಅಜ್ಜ ಗೊರವರೊಬ್ಬರನ್ನು ಮತ್ತೆ ಕೇಳೋಣ ಎಂದುಕೊಂಡರೆ ಅವರೇ ಇರುವುದಿಲ್ಲ.

ಓದಿನ ವಿಷಯದಲ್ಲೂ ಇದೇ ಕಾಳಜಿ ನನಗೆ. ‘ಎಲ್ಲ ಓದಿ ಮುಗಿಸಿ ಬರೆಯುತ್ತೇನೆ’ ಎಂದವರ ಓದು ಮುಗಿದಿದ್ದನ್ನು ನಾನು ಕಂಡಿಲ್ಲ. ಶೋಧಗಂಗಾದಲ್ಲಿ ಒಂದು ಪ್ರಬಂಧ ಓದಿದೆಯೋ, ಅದು ನಿನಗೆ ಏನು ಕೊಟ್ಟಿತು, ಎಲ್ಲಿ ನಿಂತಿತು ಎಂದು ಅಂದೇ ಅರ್ಧ ಪುಟ ಬರೆದಿಡು. ಪುಟಸಂಖ್ಯೆ, ಪ್ರಕಾಶಕರು, ಇಸವಿಯೂ ಅಲ್ಲೇ ಇರಲಿ. ಗ್ರಂಥಋಣವನ್ನು ಕೊನೆಯ ತಿಂಗಳಲ್ಲಿ ಹುಡುಕಿ ಹುಡುಕಿ ತುಂಬಿಸುವ ಪಾಡು ಯಾರಿಗೂ ಬೇಡ.

ಪ್ರತಿ ಸೆಮಿಸ್ಟರ್‌ನಲ್ಲೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕಲ್ಲ, ಅದನ್ನು ಬರೀ ಸಹಿ ಹಾಕಿಸುವ ಶಾಸ್ತ್ರ ಮಾಡಿಕೊಳ್ಳಬೇಡ. ಪ್ರತಿ ಸಲವೂ ಅರ್ಧ ಅಧ್ಯಾಯವಾದರೂ ಬರೆದು ಒಯ್ಯಿ. ಕಚ್ಚಾ ಇದ್ದರೂ ಚಿಂತೆಯಿಲ್ಲ. ಗೈಡ್‌ಗೂ ಅವರದೇ ಕೆಲಸಗಳಿರುತ್ತವೆ, ಒಂದು ಅಧ್ಯಾಯ ನೋಡಿ ಕೊಡಲು ತಿಂಗಳಾದರೂ ಹಿಡಿಯುತ್ತದೆ ಎಂದೇ ಇಟ್ಟುಕೋ. ಎಲ್ಲ ಅಧ್ಯಾಯಗಳನ್ನೂ ಒಟ್ಟಿಗೆ ಅವರ ಮೇಜಿನ ಮೇಲಿಟ್ಟರೆ ಅವರೇನು ಮಾಡಿಯಾರು?

ಇನ್ನೊಂದು, ಸಣ್ಣದೆನಿಸಬಹುದು. ಮೊದಲ ಸಾಲಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡು. ಹಳೆಯ ನುಡಿ ಫಾಂಟ್‌ನಲ್ಲಿ ಮುನ್ನೂರು ಪುಟ ಮಾಡಿಟ್ಟುಕೊಂಡು, ಕೊನೆಗೆ ಪರಿವರ್ತಿಸಹೊರಟು, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಕರಡು ತಿದ್ದುತ್ತ ವಾರಗಟ್ಟಲೆ ಕೂತವರನ್ನು ನೋಡಿದ್ದೇನೆ.

ಈ ವರ್ಷ ಕೋರ್ಸ್‌ವರ್ಕ್ ಇದ್ದರೂ ಜಾತ್ರೆಗೊಮ್ಮೆ ಹೋಗಿ ಬಾ. ಫೋನ್ ಚೀಲದಲ್ಲೇ ಇರಲಿ, ಯಾರನ್ನೂ ಸಂದರ್ಶನಕ್ಕೆ ಕೂರಿಸಬೇಡ. ಕಂಬಳಿ ಹಾಸಿ ಕೂತ ಗೊರವರ ಜೊತೆ ಕೂತು ಬಂದು, ಕಂಡಿದ್ದನ್ನು ಎರಡು ಪುಟ ಬರೆದು ನನಗೆ ಕಳಿಸು.