ಹಳೇ ಲ್ಯಾಪ್‌ಟಾಪ್ ಎಸೆಯುವ ಮೊದಲು...



ಹಾನಗಲ್ ತಾಲೂಕಿನ ಒಂದು ಒಕ್ಕೂಟದ ಸಭೆಗೆ ಹೋಗಿದ್ದೆ. ಲೆಕ್ಕ ಬರೆಯುವ ತಂಗಿ ಹಳೇ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಳು. "ಸಿಸ್ಟರ್, ಇದನ್ನ ಚಾಲೂ ಮಾಡಿ, ಚಹಾ ಕಾಸಿ, ಕುಡದು, ಕಪ್ಪು ತೊಳದು ಬಂದ್ರೂ ಇನ್ನೂ ತಿರಗತಿರತೈತ್ರಿ. ಗುಜರಿಗೆ ಹಾಕಿ ಹೊಸಾದು ತರೋಣ್ರಿ" ಅಂದಳು. ಹಿಂದೆ ಕುಳಿತಿದ್ದ ಹಿರಿಯ ಸದಸ್ಯೆಯೊಬ್ಬರು ಕೂಡಲೇ ಕೇಳಿದರು: "ಹೊಸಾದಕ್ಕ ರೊಕ್ಕ ಎಲ್ಲಿಂದ ಬರತೈತವ್ವಾ? ನಮ್ಮ ಉಳಿತಾಯದಾಗಿಂದನ ಹೋಗಬೇಕಲ್ಲ?"

ಇಬ್ಬರ ಮಾತೂ ಖರೆ. ಕೆಲಸ ನಿಧಾನವಾದರೆ ಲೆಕ್ಕ ಹಿಂದೆ ಬೀಳುತ್ತದೆ. ಆದರೆ ಹೊಸ ಲ್ಯಾಪ್‌ಟಾಪಿಗೆ ಹೋಗುವ ಹಣದಲ್ಲಿ ಒಬ್ಬ ಸದಸ್ಯೆಗೆ ಬಿತ್ತನೆಯ ಸಾಲವನ್ನೋ, ಮಗಳ ಕಾಲೇಜಿನ ಫೀಯನ್ನೋ ಕೊಡಬಹುದು. ಆದ್ದರಿಂದ ಎಸೆಯುವ ಮೊದಲು ಏನೇನು ಮಾಡಬಹುದು ಎಂಬುದನ್ನು ಈ ಪಾಠದಲ್ಲಿ ನೋಡೋಣ. ಇದಕ್ಕೆ ದೊಡ್ಡ ಓದು ಬೇಕಿಲ್ಲ, ತಾಳ್ಮೆ ಬೇಕು.

1. ಅದು ನಿಧಾನ ಯಾಕಾಗುತ್ತದೆ?

ಲ್ಯಾಪ್‌ಟಾಪನ್ನು ನಮ್ಮ ಅಡಿಗೆಮನೆ ಅಂತ ತಿಳಿಯಿರಿ. ಅಡಿಗೆ ಮಾಡುವವಳು ಪ್ರೊಸೆಸರ್. ಒಲೆಯ ಪಕ್ಕದ ಕಟ್ಟೆ ರ್‍ಯಾಮ್. ಕಾಳು ತುಂಬಿಟ್ಟ ಹಗೇವು ಹಾರ್ಡ್ ಡಿಸ್ಕ್. ಕಟ್ಟೆ ಸಣ್ಣದಿದ್ದು ಅದರ ಮೇಲೆ ಹತ್ತು ಪಾತ್ರೆ ಇಟ್ಟರೆ ರೊಟ್ಟಿ ಬಡಿಯಲು ಜಾಗ ಇರುವುದಿಲ್ಲ. ಆಗ ಅಡಿಗೆಯವಳು ಒಂದೊಂದು ಸಾಮಾನಿಗೂ ಹಗೇವಿಗೆ ಇಳಿದು ಹತ್ತಬೇಕಾಗುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲಿ ಆಗುವುದು ಇದೇ. 2 ಜಿಬಿ ರ್‍ಯಾಮ್ ಇದ್ದ ಕಡೆ ಒಂದೇ ಸಲ ನಾಲ್ಕೈದು ಕೆಲಸ ತೆರೆದರೆ, ರ್‍ಯಾಮ್‌ನಲ್ಲಿ ಹಿಡಿಸದ್ದನ್ನು ಅದು ಹಾರ್ಡ್ ಡಿಸ್ಕಿಗೆ ಇಳಿಸಿ, ಮತ್ತೆ ಎತ್ತಿಕೊಳ್ಳುತ್ತದೆ. ಹಳೇ ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಸೂಜಿಯಂಥ ತೋಳು ಅತ್ತಿತ್ತ ಓಡಾಡಿ ಓದುತ್ತದೆ. ಅದಕ್ಕೇ ಇಷ್ಟು ತಡ.

ಅಂದರೆ ಪರಿಹಾರ ಎರಡೇ: ಕಟ್ಟೆ ಖಾಲಿ ಇಡುವುದು, ಇಲ್ಲವೇ ಹಗೇವನ್ನು ಹತ್ತಿರ ತರುವುದು. ಮೊದಲನೆಯದಕ್ಕೆ ಖರ್ಚಿಲ್ಲ. ಎರಡನೆಯದಕ್ಕೆ ಸ್ವಲ್ಪ ಖರ್ಚಿದೆ.

2. ಎಲ್ಲಕ್ಕೂ ಮೊದಲು ನಕಲು

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಒಕ್ಕೂಟದ ಲ್ಯಾಪ್‌ಟಾಪ್ ನಿಂತುನಿಂತು ನಡೆಯುತ್ತಿತ್ತು. "ಅಂಗಡಿಗೆ ಒಯ್ದು ತೋರಿಸಿರಿ" ಅಂತ ನಾನೇ ಹೇಳಿದೆ. ಒಳಗಿನ ಲೆಕ್ಕದ ನಕಲು ತೆಗೆದಿದ್ದಾರೋ ಇಲ್ಲವೋ ಕೇಳಲಿಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಕೊಟ್ಟರು. ಯಂತ್ರ ಚಲೋ ಓಡಿತು, ಲೆಕ್ಕ ಮಾತ್ರ ಒಂದೂ ಉಳಿಯಲಿಲ್ಲ. ಮುಂದಿನ ಸಭೆಯಲ್ಲಿ ಸಾಲ ಪೂರ್ತಿ ತೀರಿಸಿದ್ದ ಸದಸ್ಯೆಯೊಬ್ಬರಿಗೆ "ನಿಮ್ಮ ಕಂತು ಬಾಕಿ ಅದ" ಅಂದುಬಿಟ್ಟರು. ಆಕೆಯ ಪಾಸ್‌ಬುಕ್ಕಿನಲ್ಲಿ ಕೊನೆಯ ಕಂತು ಬರೆದಿರಲಿಲ್ಲ. ಆಕೆ ಎಲ್ಲರ ಮುಂದೆ ಅತ್ತಳು. ಕೊನೆಗೆ ಕೈಯಲ್ಲಿ ಬರೆದ ನಗದು ಪುಸ್ತಕದಲ್ಲಿ ಆ ಕಂತು ಸಿಕ್ಕಿತು. ಆ ಪುಸ್ತಕ ಇರದಿದ್ದರೆ ಆಕೆಯ ಮಾನ ಉಳಿಸುವುದು ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ.

ನಮ್ಮ ಪಂಚಸೂತ್ರದಲ್ಲಿ ಐದನೆಯದು ಸರಿಯಾದ ಪುಸ್ತಕ ನಿರ್ವಹಣೆ. ಲ್ಯಾಪ್‌ಟಾಪ್ ಬಂದರೂ ಕೈಬರಹದ ಪುಸ್ತಕ ಬಿಡಬೇಡಿ. ಜೊತೆಗೆ:

• ಲೆಕ್ಕದ ಫೈಲುಗಳನ್ನು ಎರಡು ಪೆನ್‌ಡ್ರೈವ್‌ಗೆ ನಕಲು ಮಾಡಿ. ಒಂದು ಅಧ್ಯಕ್ಷರ ಹತ್ತಿರ, ಇನ್ನೊಂದು ಕಾರ್ಯದರ್ಶಿ ಹತ್ತಿರ ಇರಲಿ.
• ನಕಲಾದ ಫೈಲನ್ನು ತೆರೆದು ನೋಡಿ. ತೆರೆಯದ ನಕಲು ನಕಲೇ ಅಲ್ಲ.
• ಪ್ರತಿ ತಿಂಗಳ ಸಭೆ ಮುಗಿದ ದಿನ ತಪ್ಪದೇ ಮಾಡಿ.

ಇದಾದ ಮೇಲೆಯೇ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಿ.

3. ಒಂದು ರೂಪಾಯಿ ಖರ್ಚಿಲ್ಲದ ಎಂಟು ಕೆಲಸ

(ಅ) ರೀಸ್ಟಾರ್ಟ್ ಮಾಡಿ. ವಿಂಡೋಸ್ 10ರಲ್ಲಿ ಶಟ್‌ಡೌನ್ ಕೊಟ್ಟರೆ ಬಹಳ ಸಲ ಯಂತ್ರ ಪೂರ್ತಿ ಮಲಗುವುದಿಲ್ಲ. ಬೇಗ ಏಳಲಿ ಅಂತ ಅರ್ಧ ನೆನಪು ಇಟ್ಟುಕೊಂಡೇ ಆರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಕಟ್ಟೆ ಪೂರ್ತಿ ತೊಳೆದಂತೆ. ವಾರಕ್ಕೊಮ್ಮೆಯಾದರೂ ಮಾಡಿ.

(ಆ) ತಾನಾಗಿ ಏಳುವ ಪ್ರೋಗ್ರಾಂ ನಿಲ್ಲಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸ್ಟಾರ್ಟ್‌ಅಪ್ ಎಂಬ ಭಾಗ ಇದೆ. ಲ್ಯಾಪ್‌ಟಾಪ್ ಚಾಲೂ ಆದ ಕೂಡಲೇ ಕರೆಯದೇ ಬಂದು ಕೂಡುವವರ ಪಟ್ಟಿ ಅದು. ಬೇಡವಾದದ್ದರ ಮೇಲೆ ಒತ್ತಿ ಡಿಸೇಬಲ್ ಕೊಡಿ. ಇದರಿಂದ ಪ್ರೋಗ್ರಾಂ ಅಳಿಸುವುದಿಲ್ಲ, ಬೇಕಾದಾಗ ತೆರೆಯಬಹುದು. ವೈರಸ್ ತಡೆಯುವ ಪ್ರೋಗ್ರಾಂ ಮಾತ್ರ ಮುಟ್ಟಬೇಡಿ. ಹೆಸರು ಗುರುತು ಸಿಗದಿದ್ದರೆ ಬರೆದಿಟ್ಟುಕೊಂಡು ತಿಳಿದವರನ್ನು ಕೇಳಿ.

(ಇ) ಬೇಡದ ಪ್ರೋಗ್ರಾಂ ತೆಗೆಯಿರಿ. ಆಟಗಳು, ಯಾರೋ ಹಾಕಿಕೊಟ್ಟ ಟೂಲ್‌ಬಾರ್‌ಗಳು ಹೋಗಲಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರಿದ್ದರೆ ಬಂದವರನ್ನು ಇಬ್ಬರೂ ತಡೆದು ನಿಲ್ಲಿಸುತ್ತಾರೆ. ವಿಂಡೋಸ್ 10ರಲ್ಲಿ ಡಿಫೆಂಡರ್ ಮೊದಲೇ ಇರುತ್ತದೆ.

(ಈ) ಜಾಗ ಖಾಲಿ ಮಾಡಿ. ಹಾರ್ಡ್ ಡಿಸ್ಕಿನ ಐದರಲ್ಲಿ ಒಂದು ಪಾಲು ಖಾಲಿ ಇದ್ದರೆ ಒಳ್ಳೆಯದು. ಮದುವೆ, ಜಾತ್ರೆಯ ವಿಡಿಯೋಗಳನ್ನು ಪೆನ್‌ಡ್ರೈವ್‌ಗೆ ಸಾಗಿಸಿ. ರಿಸೈಕಲ್ ಬಿನ್ ಖಾಲಿ ಮಾಡಿ. ಡಿಸ್ಕ್ ಕ್ಲೀನಪ್ ನಡೆಸಿ. ಅದರ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತ ಕಂಡರೆ ಗುರುತು ಹಾಕಬೇಡಿ, ಬ್ಯಾಂಕಿನಿಂದ ಬಂದ ಕಾಗದಪತ್ರ ಅಲ್ಲೇ ಇರಬಹುದು.

(ಉ) ಅಲಂಕಾರ ಕಡಿಮೆ ಮಾಡಿ. ಕಿಟಕಿ ತೇಲಿ ಬರುವುದು, ನೆರಳು ಬೀಳುವುದು ಇವೆಲ್ಲ ನೋಡಲಿಕ್ಕೆ ಚೆಂದ, ಹಳೇ ಯಂತ್ರಕ್ಕೆ ಭಾರ. ವಿಂಡೋಸ್ ಹುಡುಕುವ ಜಾಗದಲ್ಲಿ ಪರ್ಫಾರ್ಮೆನ್ಸ್ ಅಂತ ಬರೆದು, 'ಅಡ್ಜಸ್ಟ್ ಫಾರ್ ಬೆಸ್ಟ್ ಪರ್ಫಾರ್ಮೆನ್ಸ್' ಆರಿಸಿ.

(ಊ) ಇಂಟರ್‌ನೆಟ್ಟಿನ ಪುಟಗಳನ್ನು ಮುಚ್ಚಿ. ಬ್ರೌಸರ್‌ನ ಒಂದೊಂದು ಟ್ಯಾಬ್‌ಗೂ ರ್‍ಯಾಮ್ ಬೇಕು. ಸೊಸೈಟಿ ಕೆಲಸಕ್ಕೆ ಒಂದು ಪುಟ ಸಾಕು. ಹಾಡು ಹಚ್ಚಿ ಲೆಕ್ಕ ಮಾಡಬೇಡಿ.

(ಋ) ತಂಪಾಗಿಡಿ. ಬಿಸಿಯಾದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ದಿಂಬು, ಕೌದಿಯ ಮೇಲೆ ಇಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ. ಗಟ್ಟಿ ಮಣೆಯ ಮೇಲೆ ಇಡಿ. ಗೋವಿನಜೋಳದ ರಾಶಿ ನಡೆಯುವಾಗ ಧೂಳು ಒಳಗೆ ಹೊಕ್ಕು ಫ್ಯಾನ್ ಕಟ್ಟುತ್ತದೆ. ಕೆಲಸ ಮುಗಿದ ಮೇಲೆ ಬಟ್ಟೆ ಮುಚ್ಚಿ ಇಡಿ. ಆರಿಸಿ, ವೈರ್ ಕಿತ್ತ ಮೇಲೆ ಒಣ ಕುಂಚದಿಂದ ಕಿಂಡಿಗಳನ್ನು ಒರೆಸಿ. ಹಸಿ ಬಟ್ಟೆ ಬೇಡ.

(ೠ) ಡಿಸ್ಕ್ ಹೊಂದಿಸಿ. ಹಳೇ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಒಂದೆರಡು ತಿಂಗಳಿಗೊಮ್ಮೆ ಡಿಫ್ರ್ಯಾಗ್ಮೆಂಟ್ ಮಾಡಿ. ಚೆಲ್ಲಾಪಿಲ್ಲಿಯಾದ ಫೈಲುಗಳು ಒಂದೆಡೆ ಸೇರುತ್ತವೆ. ಎಸ್‌ಎಸ್‌ಡಿ ಇದ್ದರೆ ಇದರ ಅಗತ್ಯವಿಲ್ಲ.

4. ಸ್ವಲ್ಪ ಖರ್ಚು, ದೊಡ್ಡ ಫಲ

ಇಷ್ಟು ಮಾಡಿದರೂ ಸಾಲದಿದ್ದರೆ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಬಹುದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಆದ್ದರಿಂದ ಯಂತ್ರ ಬೇಗ ಏಳುತ್ತದೆ. ಹಳೇ ಲ್ಯಾಪ್‌ಟಾಪಿಗೆ ಅತಿ ಹೆಚ್ಚು ವ್ಯತ್ಯಾಸ ತರುವ ಬದಲಾವಣೆ ಇದೇ. ಲೆಕ್ಕದ ಕೆಲಸಕ್ಕೆ 240 ಅಥವಾ 256 ಜಿಬಿ ಧಾರಾಳ ಸಾಕು. ಎರಡನೆಯದು ರ್‍ಯಾಮ್ ಹೆಚ್ಚಿಸುವುದು. ನಿಮ್ಮ ಯಂತ್ರಕ್ಕೆ ಡಿಡಿಆರ್ 3 ಬೇಕೋ ಡಿಡಿಆರ್ 4 ಬೇಕೋ ನೋಡಿಯೇ ಕೊಳ್ಳಿ, ಒಂದರ ಬದಲು ಇನ್ನೊಂದು ಕೂಡುವುದಿಲ್ಲ. 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಗಿಂತ ಹೆಚ್ಚು ರ್‍ಯಾಮ್ ಹಾಕಿದರೂ ಅದು ಬಳಕೆಗೆ ಬರುವುದಿಲ್ಲ.

ಅಂಗಡಿಗೆ ಹೋಗುವಾಗ ಇಬ್ಬರು ಹೋಗಿ. ಎರಡು ಕಡೆ ದರ ಕೇಳಿ, ರಸೀದಿ, ವಾರಂಟಿ ಪಡೆಯಿರಿ. ಹಳೇ ಹಾರ್ಡ್ ಡಿಸ್ಕ್ ಕೇಳಿ ವಾಪಸ್ ತನ್ನಿ. ಅದರಲ್ಲಿ ಸದಸ್ಯೆಯರ ಆಧಾರ್ ನಂಬರು, ಬ್ಯಾಂಕ್ ಖಾತೆ, ಫೋಟೋ ಇರುತ್ತವೆ. ಅದನ್ನು ಬೇರೆಯವರ ಕೈಗೆ ಬಿಡುವುದೆಂದರೆ ನಮ್ಮ ಸದಸ್ಯೆಯರ ಮನೆಯ ಕೀಲಿಕೈ ಬಿಟ್ಟ ಹಾಗೆ.

5. ವಿಂಡೋಸ್ ಹಳೆಯದಾದರೆ?

ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ನಡೆಯುತ್ತದೆ, ಆದರೆ ಕಳ್ಳರನ್ನು ತಡೆಯುವ ಹೊಸ ರಕ್ಷಣೆ ಮೊದಲಿನಂತೆ ಬರುವುದಿಲ್ಲ. ವಿಂಡೋಸ್ 11 ಕನಿಷ್ಠ 4 ಜಿಬಿ ರ್‍ಯಾಮ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ. ಬಹಳಷ್ಟು ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಅದು ಇಲ್ಲ.

ಅಂಥ ಯಂತ್ರಕ್ಕೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಇದೆ. ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ, ಲುಬುಂಟು ಇವು ಹಗುರವಾದವು. ಪಕ್ಕದ ಕೇರಳದಲ್ಲಿ ಸರಕಾರಿ ಶಾಲೆಯ ಮಕ್ಕಳು ವರ್ಷಗಟ್ಟಲೆಯಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಲಿಬ್ರೆಆಫೀಸ್‌ನಲ್ಲಿ ಪತ್ರ, ಲೆಕ್ಕ ಎರಡೂ ಕನ್ನಡದಲ್ಲಿ ಮಾಡಬಹುದು. ಕೆ.ಪಿ. ರಾವ್ ಅವರ ವಿನ್ಯಾಸ ಆಧರಿಸಿದ, ನಾವು ನುಡಿಯಲ್ಲಿ ರೂಢಿ ಮಾಡಿಕೊಂಡ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ.

ಆದರೆ ಎರಡು ಎಚ್ಚರಿಕೆ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು, ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಯೂನಿಕೋಡ್ ಅಲ್ಲದ ಹಳೇ ನುಡಿ ಅಕ್ಷರದಲ್ಲಿ ಬರೆದ ಠರಾವು, ಪಟ್ಟಿಗಳು ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಮೊದಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಒಗ್ಗಿದರೆ ಮಾತ್ರ ಹಾಕಿಸಿ.

6. ಮೋಸ ಹೋಗಬೇಡಿ

"ಒಂದೇ ಕ್ಲಿಕ್ಕಿಗೆ ಹತ್ತು ಪಟ್ಟು ವೇಗ" ಎಂಬ ಜಾಹೀರಾತಿನ ಪ್ರೋಗ್ರಾಂ ಹಾಕಿಕೊಳ್ಳಬೇಡಿ. ಕಳ್ಳ ನಕಲಿನ ವಿಂಡೋಸ್ ಬೇಡ, ಅದರೊಂದಿಗೆ ವೈರಸ್ ಬರಬಹುದು. "ನಿಮ್ಮ ಕಂಪ್ಯೂಟರ್‌ನಾಗ ವೈರಸ್ ಐತಿ, ನಾವು ಇಲ್ಲಿಂದನ ತೆಗೀತೀವಿ" ಅಂತ ಫೋನ್ ಬಂದರೆ ಇಟ್ಟುಬಿಡಿ. ಓಟಿಪಿ ಯಾರಿಗೂ ಹೇಳಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

7. ಯಾವಾಗ ಸಾಕು ಅನ್ನಬೇಕು?

ಬ್ಯಾಟರಿ ಉಬ್ಬಿದ್ದರೆ ಕೂಡಲೇ ಬಳಕೆ ನಿಲ್ಲಿಸಿ, ಅದಕ್ಕೆ ಬೆಂಕಿ ಹೊತ್ತಬಹುದು. ಚುಚ್ಚಬೇಡಿ, ಒತ್ತಬೇಡಿ. ಹಾರ್ಡ್ ಡಿಸ್ಕ್ ಟಕ್ ಟಕ್ ಎಂದರೆ ಅದರ ಆಯುಷ್ಯ ಮುಗಿಯುತ್ತಾ ಬಂದಿದೆ, ಬೇರೆ ಕೆಲಸ ಬಿಟ್ಟು ಲೆಕ್ಕ ನಕಲು ಮಾಡಿ. ರಿಪೇರಿ ಖರ್ಚು ಹೊಸದರ ಅರ್ಧ ಮುಟ್ಟಿದರೆ ಹೊಸದನ್ನೇ ಯೋಚಿಸಿ. ಹಳೆಯದನ್ನು ತಿಪ್ಪೆಗೆ ಹಾಕಬೇಡಿ, ಸುಡಬೇಡಿ. ಅದರಲ್ಲಿ ಸೀಸದಂಥ ವಿಷದ ಲೋಹಗಳಿರಬಹುದು. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಅದು ಸೇರಬೇಕು.

ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸಿ' ಪತ್ರದಲ್ಲಿ ಬಳಸಿ ಬಿಸಾಡುವ ಚಾಳಿಯ ಬಗ್ಗೆ ಎಚ್ಚರಿಸಿದರು. ಹರಿದ ಸೀರೆಯಿಂದ ಕೌದಿ ಹೊಲಿಯುವ ನಮ್ಮ ತಾಯಂದಿರಿಗೆ ಇದು ಹೊಸ ಪಾಠವೇನಲ್ಲ.

ಮೊದಲು ಹೇಳಿದ ಒಕ್ಕೂಟದಲ್ಲಿ ಅಂದೇ ಕುಳಿತು ನಕಲು ತೆಗೆದೆವು, ತಾನಾಗಿ ಏಳುವ ಪ್ರೋಗ್ರಾಂ ನಿಲ್ಲಿಸಿದೆವು, ಕಿಂಡಿಯ ಧೂಳು ತೆಗೆದೆವು. ಮುಂದಿನ ತಿಂಗಳು ಠರಾವು ಮಾಡಿ ಎಸ್‌ಎಸ್‌ಡಿ ಹಾಕಿಸಿದರು. ಈಗ ಲ್ಯಾಪ್‌ಟಾಪ್ ಹಚ್ಚಿ ಚಹಾಕ್ಕೆ ಹೋಗಲು ಪುರುಸೊತ್ತು ಸಿಗುವುದಿಲ್ಲವಂತೆ. ಉಳಿದ ಹಣ ಸದಸ್ಯೆಯರ ಸಾಲಕ್ಕೆ ಉಳಿಯಿತು.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಲೆಕ್ಕದ ನಕಲು ಎಲ್ಲಿದೆ? ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?
2. ಎಲ್ಲ ಸದಸ್ಯೆಯರ ಪಾಸ್‌ಬುಕ್ ಈ ತಿಂಗಳವರೆಗೆ ಬರೆದಿದೆಯೇ?
3. ಲ್ಯಾಪ್‌ಟಾಪ್ ಬಳಸಲು ಒಬ್ಬರಿಗೇ ಬರುತ್ತದೆಯೋ? ಇನ್ನಿಬ್ಬರಿಗೆ ಕಲಿಸುವುದು ಹೇಗೆ?

ಈ ತಿಂಗಳ ಕೆಲಸ: ಎರಡು ಪೆನ್‌ಡ್ರೈವ್, ಒಂದು ಒಣ ಕುಂಚ, ಒಂದು ತಾಸು ಸಮಯ. ಮಾಡಿ ನೋಡ್ರಿ, ಮುಂದಿನ ಸಭೆಯಲ್ಲಿ ಏನಾಯಿತು ಅಂತ ಹೇಳ್ರಿ.