ಈ ಬೇಸಿಗೆಗೆ ಒಂದು ಬರಣಿ ಛುಂದೋ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಮನೆ ಮಾಡಿರುವ ಕನ್ನಡಿಗರೇ, ಅಂಗಡಿಯ ಬಾಟಲಿ, ಪ್ಯಾಕೆಟ್ಟುಗಳನ್ನು ಕಡಿಮೆ ಮಾಡುವ ಮನಸ್ಸಿದ್ದರೆ ಛುಂದೋ ಎಂಬ ಸಿಹಿ-ಖಾರದ ಮಾವಿನಕಾಯಿ ಉಪ್ಪಿನಕಾಯಿಯಿಂದ ಶುರುಮಾಡಿ. ಪಕ್ಕದ ಮನೆಯ ಗುಜರಾತಿ ಬೆನ್ ಸಂತೋಷದಿಂದ ಕಲಿಸುತ್ತಾರೆ. ಒಲೆಯೇ ಬೇಡ, ಅಲ್ಲಿನ ಬಿಸಿಲೇ ಅಡುಗೆ ಮಾಡುತ್ತದೆ.

ಒಂದು ಕೆಜಿ ರಾಜಾಪುರಿ ಮಾವಿನಕಾಯಿ ತುರಿಗೆ ಉಪ್ಪು, ಅರಿಸಿನ ಬೆರೆಸಿ ಒಂದೆರಡು ಗಂಟೆ ಬಿಡಿ. ಸುಮಾರು ಒಂದೂಕಾಲು ಕೆಜಿ ಸಕ್ಕರೆ ಕಲಸಿ, ಸ್ಟೀಲ್ ಪಾತ್ರೆಯ ಬಾಯಿಗೆ ತೆಳುಬಟ್ಟೆ ಕಟ್ಟಿ ತಾರಸಿಯಲ್ಲಿಡಿ. ದಿನವೂ ಒಣ ಸೌಟಿನಿಂದ ತಿರುವಿ, ಸಂಜೆ ಒಳಗೆ ತನ್ನಿ. ಎಂಟು-ಹತ್ತು ದಿನದಲ್ಲಿ ಎಳೆಪಾಕ ಬಂದಾಗ ಖಾರದಪುಡಿ, ಜೀರಿಗೆಪುಡಿ ಸೇರಿಸಿ. ಕೆಡದಂತೆ ಕಾಯುವುದೇ ಸಕ್ಕರೆ. ಆರೋಗ್ಯದ ನೆಪದಲ್ಲಿ ಅದನ್ನು ಇಳಿಸಬೇಡಿ, ಬೇಕಿದ್ದರೆ ಬಡಿಸುವುದನ್ನು ಇಳಿಸಿ. ನೀರು ತಾಕದಿದ್ದರೆ ವರ್ಷವಿಡೀ ಇರುತ್ತದೆ. ಜೋಳದ ರೊಟ್ಟಿಗೂ ಬಲು ಸೊಗಸು!

ಪ್ಯಾಕೆಟ್ಟು ಕಡಿಮೆ ಮಾಡಲು ಇನ್ನೊಂದು ದಾರಿ: ಊರಿಂದ ತಂದ ರೇಷ್ಮೆ ಸೀರೆಗೆ ಸೋಪಿನ ಪುಡಿ ಬೇಡ. ಅಂಟುವಾಳವನ್ನು ಕಿರಾಣಿಯಲ್ಲಿ ಅರೀಠಾ ಎಂದು ಕೇಳಿ. ಬೀಜ ತೆಗೆದು ರಾತ್ರಿ ನೆನೆಸಿ, ಕುದಿಸಿ, ಸೋಸಿ, ಆರಿದ ನೀರಲ್ಲಿ ಒಗೆಯಿರಿ. ಕಣ್ಣಿಗೆ ತಾಗಿದರೆ ಉರಿಯುತ್ತದೆ, ಜೋಪಾನ.

ಸೂರತ್‌ನವರು ಛುಂದೋ ಕೆಲಸವನ್ನು ಮೇ ತಿಂಗಳೊಳಗೇ ಮುಗಿಸಿಕೊಳ್ಳಿ. ಅಹಮದಾಬಾದಿಗಿಂತ ಮೊದಲು ಮಳೆ ನಿಮ್ಮಲ್ಲಿಗೆ ಬರುತ್ತದೆ.